ಹಳೇ ಬ್ರಾಕೆಟ್‌ಗೆ ತಾಳೆಯಾದ ಮಾಡೆಲ್ ಹೊಸದಕ್ಕೆ ಯಾಕೆ ಕೈಕೊಟ್ಟಿತು?

ಪ್ರಶ್ನೆ: ಸರ್, ನಾನು ಬೆಳಗಾವಿಯ ಒಂದು ಕಾಸ್ಟಿಂಗ್ ಕಂಪನಿಯಲ್ಲಿ ಡಿಸೈನ್ ಎಂಜಿನಿಯರ್. ನಾಲ್ಕು ವರ್ಷದ ಅನುಭವ ಇದೆ. ಲಾರಿಗೆ ಹೋಗುವ ಒಂದು ಎಸ್‌ಜಿ ಐರನ್ (ಒಳಗೆ ಗ್ರ್ಯಾಫೈಟ್ ಉಂಡೆಗಳಿರುವ ಎರಕದ ಕಬ್ಬಿಣ) ಬ್ರಾಕೆಟ್‌ನ ತೂಕ ಇಳಿಸುವ ಕೆಲಸ ನನ್ನ ಪಾಲಿಗೆ ಬಂತು. ಹಳೇ ಬ್ರಾಕೆಟ್ 4.2 ಕೆಜಿ. ಮೊದಲು ಅದರ ಎಫ್‌ಇಎ ಮಾಡೆಲ್ ಮಾಡಿದೆ, ಅಂದರೆ ಪೀಸನ್ನು ಕಂಪ್ಯೂಟರ್‌ನಲ್ಲಿ ಸಣ್ಣ ಸಣ್ಣ ತುಂಡು (ಎಲಿಮೆಂಟ್) ಮಾಡಿ, ಲೋಡ್ ಬಿದ್ದಾಗ ಏನಾಗುತ್ತದೆ ಅಂತ ಲೆಕ್ಕ ಹಾಕುವುದು. ರಿಗ್ (ಲೋಡ್ ಹಾಕಿ ಪರೀಕ್ಷಿಸುವ ಚೌಕಟ್ಟು) ಮೇಲೆ ಕೂರಿಸಿ, ಲೋಹ ಎಷ್ಟು ಹಿಗ್ಗುತ್ತದೆ ಅಂತ ಅಳೆಯುವ ನಾಲ್ಕು ಸ್ಟ್ರೇನ್ ಗೇಜ್ ಅಂಟಿಸಿ ತಾಳೆ ನೋಡಿದೆವು. ಮಾಡೆಲ್ ಹೇಳಿದ್ದು 391, 268, 150, 95 ಮೈಕ್ರೋಸ್ಟ್ರೇನ್ (ಉದ್ದದ ಹತ್ತು ಲಕ್ಷದಲ್ಲಿ ಇಷ್ಟು ಪಾಲು ಹಿಗ್ಗು). ಗೇಜ್ ತೋರಿಸಿದ್ದು 412, 281, 158, 101. ವ್ಯತ್ಯಾಸ ಸುಮಾರು 5%. ಎಲ್ಲರಿಗೂ ಖುಷಿಯಾಯಿತು. ಅದೇ ಮಾಡೆಲ್ ಇಟ್ಟುಕೊಂಡು ಟೊಪಾಲಜಿ ಆಪ್ಟಿಮೈಸೇಶನ್ (ಎಲ್ಲಿ ಲೋಹ ಬೇಕು, ಎಲ್ಲಿ ಬೇಡ ಅಂತ ಕಂಪ್ಯೂಟರ್‌ನಿಂದ ಹುಡುಕಿಸುವುದು) ಮಾಡಿ ನಡುವೆ ಒಂದು ಕಿಟಕಿ ತೆಗೆದೆ. ಆಮೇಲೆ 8 ಅಳತೆಗಳನ್ನು ಬದಲಾಯಿಸುತ್ತಾ 4 ಮಿ.ಮೀ. ಮೆಶ್‌ನಲ್ಲಿ (ಎಲಿಮೆಂಟ್‌ಗಳ ಬಲೆ) 60 ರನ್ ಮಾಡಿ ರೆಸ್ಪಾನ್ಸ್ ಸರ್ಫೇಸ್ ಕಟ್ಟಿದೆ, ಅಂದರೆ ಅಳತೆ ಕೊಟ್ಟರೆ ಉತ್ತರವನ್ನು ಅಂದಾಜು ಹೇಳುವ ಸೂತ್ರ. ಸೂತ್ರ ಎಷ್ಟು ಚೆನ್ನಾಗಿ ಕೂತಿದೆ ಅನ್ನುವ ಆರ್ ಸ್ಕ್ವೇರ್ 0.98 ಬಂತು (1 ಬಂದರೆ ಪೂರ್ತಿ ತಾಳೆ). ತೂಕ 3.1 ಕೆಜಿಗೆ ಇಳಿಯಿತು. ಲೋಡ್ ಕೇಸ್ ಎರಡು: ಗುಂಡಿಗೆ ಬಿದ್ದಾಗಿನದು, ಬ್ರೇಕ್ ಹಾಕಿದಾಗಿನದು. ಎಂಡ್ಯೂರೆನ್ಸ್ ಟೆಸ್ಟ್‌ನಲ್ಲಿ (ಲಕ್ಷಾಂತರ ಸಲ ಲೋಡ್ ಹಾಕಿ ತೆಗೆಯುವ ಪರೀಕ್ಷೆ) ಗ್ರಾಹಕರು ಹೇಳಿದ 10% ಪಕ್ಕದ ಲೋಡ್ ಕೂಡ ಇರುತ್ತದೆ. ಅದು ಸಣ್ಣದು ಅಂತ ನಾನು ಬಿಟ್ಟಿದ್ದೆ. 5 ಲಕ್ಷ ಸೈಕಲ್ ತಾಳಬೇಕಿದ್ದ ಪೀಸ್ 1.4 ಲಕ್ಷಕ್ಕೇ ಕಿಟಕಿಯ ಕೆಳಗಿನ ಮೂಲೆಯಲ್ಲಿ ಬಿರುಕು ಬಿಟ್ಟಿತು. ಆ ಜಾಗದ ಗೋಡೆ ಡ್ರಾಯಿಂಗ್‌ನಲ್ಲಿ 5 ಮಿ.ಮೀ., ಅಳೆದಾಗ 4.5. ಫೋಟೋ, ಮಾಡೆಲ್ ಫೈಲ್ ಎರಡೂ ಕಳಿಸಿದ್ದೇನೆ. ನಮ್ಮ ಸೀನಿಯರ್ "ಮೆಶ್ ಇನ್ನೂ ಸಣ್ಣ ಮಾಡು" ಅಂತಾರೆ. ಸಾಫ್ಟ್‌ವೇರ್ ಮಾರುವವರು "ನಮ್ಮ ಪ್ಯಾಕೇಜ್ ತಗೊಳ್ಳಿ, ಪೂರ್ತಿ ವ್ಯಾಲಿಡೇಟ್ ಆಗಿದೆ" ಅಂತಾರೆ. ಎಂಡಿ ಸಾಹೇಬರು "ಇದೆಲ್ಲ ಬಣ್ಣದ ಚಿತ್ರ, ಹಳೇದನ್ನೇ ಎರಕ ಹೊಯ್ಯಿರಿ" ಅಂತಾರೆ. ಯಾರ ಮಾತು ಕೇಳಲಿ?

ಉತ್ತರ: ಮೊದಲು ಒಂದು ಸಮಾಧಾನದ ಮಾತು. ಗೇಜ್ ಅಂಟಿಸಿ ತಾಳೆ ನೋಡುವ ಗೋಜಿಗೇ ಹೋಗದೆ ಸೀದಾ ತೂಕ ಕೆರೆಯಲು ಕೂರುವವರನ್ನು ನಾನು ಬೇಕಾದಷ್ಟು ನೋಡಿದ್ದೇನೆ. ನೀವು ಹಾಗೆ ಮಾಡಿಲ್ಲ. ಅದಕ್ಕೇ ನಿಮಗೆ ಇಷ್ಟು ಕಸಿವಿಸಿ. ತಾಳೆ ನೋಡಿದ ಮೇಲೂ ಒಡೆಯಿತಲ್ಲ, ಹಾಗಾದರೆ ತಾಳೆ ನೋಡಿದ್ದಕ್ಕೆ ಏನು ಬೆಲೆ ಬಂತು? ನಿಮ್ಮ ಪತ್ರದ ತುಂಬ ಇರುವುದು ಇದೇ ಪ್ರಶ್ನೆ ಅನ್ನಿಸಿತು.

ನೀವು ತಾಳೆ ನೋಡಿದ್ದು ಒಂದು ಬ್ರಾಕೆಟ್‌ಗೆ. ಒಡೆದದ್ದು ಇನ್ನೊಂದು. ಎರಡರ ನಡುವೆ ಆಪ್ಟಿಮೈಸರ್ ಅನ್ನುವ ಆಸಾಮಿ ಕೂತಿತ್ತು. ಅದಕ್ಕೆ ಗೊತ್ತಿರುವ ಕೆಲಸ ಒಂದೇ, ಮಾಡೆಲ್ ಎಲ್ಲಿ "ಇಲ್ಲಿ ಲೋಹ ಬೇಡ" ಅನ್ನುತ್ತದೋ ಅಲ್ಲಿಗೆ ಓಡುವುದು. ಮಾಡೆಲ್ ನಿಜ ಹೇಳಿ ಬೇಡ ಅಂದಿತೋ, ತಪ್ಪಿ ಬೇಡ ಅಂದಿತೋ, ಅದಕ್ಕೆ ಗೊತ್ತಾಗುವುದಿಲ್ಲ.

ಮನೆ ಕಟ್ಟಿಸುವಾಗ ಹತ್ತು ಮೇಸ್ತ್ರಿಗಳ ಹತ್ತಿರ ಕೊಟೇಶನ್ ತಗೊಂಡು ಎಲ್ಲಕ್ಕಿಂತ ಕಡಿಮೆಯದನ್ನು ಒಪ್ಪಿಕೊಂಡವರನ್ನು ಕೇಳಿ ನೋಡಿ. ಕಡಿಮೆ ಹೇಳಿದವರು ಬಲು ಚುರುಕಿನ ಮೇಸ್ತ್ರಿ ಆಗಿರಬಹುದು. ಸಂಪಿನ ಲೆಕ್ಕವನ್ನೇ ಮರೆತವರೂ ಆಗಿರಬಹುದು. ಹತ್ತರಲ್ಲಿ ಕಡಿಮೆಯದನ್ನು ಆರಿಸಿದಾಗ ಮರೆತವರು ಸಿಗುವ ಸಂಭವ ಜಾಸ್ತಿ. ಆಪ್ಟಿಮೈಸರ್ ಹತ್ತಲ್ಲ, ಸಾವಿರಾರು ಕೊಟೇಶನ್ ತರಿಸಿ ಎಲ್ಲಕ್ಕಿಂತ ಹಗುರಾದದ್ದನ್ನು ಎತ್ತಿಕೊಳ್ಳುತ್ತದೆ. ಮಾಡೆಲ್ ಸರಾಸರಿಯಲ್ಲಿ ಎಷ್ಟೇ ಸರಿ ಇರಲಿ, ಕೈಗೆ ಬರುವ ಡಿಸೈನ್ ಮಾತ್ರ ಮಾಡೆಲ್ ಉದಾರವಾಗಿ ತಪ್ಪು ಹೇಳಿದ ಜಾಗದ್ದೇ ಆಗಿರುವ ಸಂಭವ ಹೆಚ್ಚು.

ಇದು ನನ್ನ ಊಹೆ ಏನಲ್ಲ. ಟೊಪಾಲಜಿ ಆಪ್ಟಿಮೈಸೇಶನ್ ಶುರುವಾದ ಕಾಲದಲ್ಲಿ, ಅಂದರೆ 1988ರಲ್ಲಿ ಬೆಂಡ್ಸೋ ಮತ್ತು ಕಿಕುಚಿ ಅವರ ಲೇಖನ ಬಂದ ನಂತರದ ವರ್ಷಗಳಲ್ಲಿ, ಲೆಕ್ಕ ಮಾಡಿದವರಿಗೆಲ್ಲ ಒಂದು ವಿಚಿತ್ರ ಕಾಣುತ್ತಿತ್ತು. ಉತ್ತರದಲ್ಲಿ ಅಲ್ಲಲ್ಲಿ ಚದುರಂಗದ ಮಣೆಯ ಹಾಗೆ ಒಂದು ಚೌಕ ತುಂಬಿದ್ದು, ಒಂದು ಖಾಲಿ, ಮತ್ತೆ ತುಂಬಿದ್ದು, ಮತ್ತೆ ಖಾಲಿ. ಪ್ರಕೃತಿಯ ಯಾವುದೋ ಗುಟ್ಟು ಸಿಕ್ಕಿತೇನೋ ಅಂತ ಮೊದಮೊದಲು ಅನ್ನಿಸಿದ್ದೂ ಉಂಟು. 1995ರಲ್ಲಿ ಡಿಯಾಜ್ ಮತ್ತು ಸಿಗ್ಮಂಡ್ ಬಿಡಿಸಿ ತೋರಿಸಿದರು: ನಾಲ್ಕು ನೋಡ್‌ಗಳ (ಮೂಲೆಬಿಂದುಗಳ) ಸಾದಾ ಎಲಿಮೆಂಟ್ ಬಳಸಿದರೆ, ಬರೀ ಮೂಲೆಗೆ ಮೂಲೆ ತಾಗಿದ ಚೌಕಗಳನ್ನು ಲೆಕ್ಕ ಇದ್ದದ್ದಕ್ಕಿಂತ ಗಟ್ಟಿ ಅಂತ ತಿಳಿಯುತ್ತದೆ. ನಿಜದಲ್ಲಿ ಮೂಲೆಗೆ ಮೂಲೆ ತಾಗಿಸಿ ನಿಲ್ಲಿಸಿದ ಇಟ್ಟಿಗೆ ಎಷ್ಟು ಗಟ್ಟಿ ಅಂತ ಯಾವ ಗಾರೆಯವರೂ ಹೇಳುತ್ತಾರೆ. ಎಲಿಮೆಂಟ್‌ನ ಆ ಸಣ್ಣ ದೋಷ ಮಾಮೂಲಿ ಲೆಕ್ಕದಲ್ಲಿ ಯಾರ ಕಣ್ಣಿಗೂ ಬೀಳುತ್ತಿರಲಿಲ್ಲ. ಆಪ್ಟಿಮೈಸರ್ ಅದನ್ನು ಹುಡುಕಿ ಡಿಸೈನ್ ತುಂಬ ಹರಡಿತು. ನಾವು ಚಾಪೆ ಕೆಳಗೆ ತೂರಿದರೆ ಅದು ರಂಗೋಲಿ ಕೆಳಗೆ ತೂರುತ್ತದೆ. ಈಗ ಸಾಫ್ಟ್‌ವೇರ್‌ಗಳಲ್ಲಿ ಅದಕ್ಕೆ ಫಿಲ್ಟರ್ ಇದೆ. ಆದರೆ ನಿಮ್ಮ ಬೋಲ್ಟ್, ನಿಮ್ಮ ಲೋಡ್, ನಿಮ್ಮ ಎರಕದ ದೋಷಗಳಿಗೆ ಫಿಲ್ಟರ್ ಹಾಕಿಕೊಡುವವರು ಯಾರೂ ಇಲ್ಲ.

ಈಗ ನಿಮ್ಮ ಬ್ರಾಕೆಟ್‌ಗೆ ಬರೋಣ.

ಫೋಟೋದಲ್ಲಿ ಬಿರುಕು ಹುಟ್ಟಿರುವುದು ಕಿಟಕಿಯ ಕೆಳಮೂಲೆಯ ಫಿಲೆಟ್‌ನಲ್ಲಿ, ಅಂದರೆ ದುಂಡಗೆ ಮಾಡಿದ ಒಳಮೂಲೆಯಲ್ಲಿ. ಹಳೇ ಬ್ರಾಕೆಟ್‌ನಲ್ಲಿ ಆ ಕಿಟಕಿಯೇ ಇರಲಿಲ್ಲ. ಅಂದಮೇಲೆ ಅಲ್ಲಿ ಗೇಜ್ ಇರುವ ಮಾತೂ ಇಲ್ಲ. ನಾಲ್ಕು ಗೇಜ್‌ಗಳೂ ತೋಳಿನ ನುಣುಪಾದ, ಚಪ್ಪಟೆ ಜಾಗದಲ್ಲಿ ಇದ್ದವು. ಅಲ್ಲಿ ಸ್ಟ್ರೇನ್ ನಿಧಾನವಾಗಿ ಬದಲಾಗುತ್ತದೆ. ಮಾಡೆಲ್ ಸ್ವಲ್ಪ ಒರಟಾಗಿದ್ದರೂ ಉತ್ತರ ಸರಿಯಾಗೇ ಬರುತ್ತದೆ. ಎಂಜಿನಿಯರಿಂಗ್ ಕಾಲೇಜಿನ ಬೀಮ್ ಸೂತ್ರ ಹಾಕಿದ್ದರೂ ನಿಮಗೆ 10% ಒಳಗೆ ಉತ್ತರ ಸಿಗುತ್ತಿತ್ತೇನೋ. ಸುಲಭದ ಪ್ರಶ್ನೆಗೆ ಮಾಡೆಲ್ ಪಾಸಾಯಿತು, ಕಷ್ಟದ ಪ್ರಶ್ನೆ ಕೇಳಲೇ ಇಲ್ಲ.

ಎರಡನೆಯದು ದಪ್ಪ. ಪಕ್ಕದ ಲೋಡ್ ಬಂದಾಗ ಆ ಗೋಡೆ ತನ್ನ ದಪ್ಪದ ದಿಕ್ಕಿಗೆ ಬಾಗುತ್ತದೆ. ಹಾಗೆ ಬಾಗುವಾಗ ಸ್ಟ್ರೆಸ್ (ಲೋಹದ ಒಳಗೆ ಏಳುವ ಬಲದ ಒತ್ತಡ) ದಪ್ಪದ ವರ್ಗಕ್ಕೆ ವಿರುದ್ಧವಾಗಿ ಏರುತ್ತದೆ. 5 ಇರಬೇಕಾದದ್ದು 4.5 ಆದರೆ ಬಾಗುವ ಸ್ಟ್ರೆಸ್ 23% ಜಾಸ್ತಿ. ಹಳೇ ಬ್ರಾಕೆಟ್‌ನ ಗೋಡೆ 9 ಮಿ.ಮೀ. ಅಂತ ನಿಮ್ಮ ಫೈಲ್‌ನಲ್ಲಿದೆ. ಅಲ್ಲೂ ಅದೇ ಅರ್ಧ ಮಿ.ಮೀ. ಕಡಿಮೆ ಬಂದಿದ್ದರೆ ಏರುತ್ತಿದ್ದದ್ದು 12% ಮಾತ್ರ. ಫೌಂಡ್ರಿಯವರು ಮೊದಲು ಎಷ್ಟು ಹೆಚ್ಚುಕಡಿಮೆ ಮಾಡುತ್ತಿದ್ದರೋ ಈಗಲೂ ಅಷ್ಟೇ ಮಾಡಿದ್ದಾರೆ. ಡಿಸೈನ್ ಮಾತ್ರ ಅದನ್ನು ತಡೆದುಕೊಳ್ಳುವ ಕೊಬ್ಬು ಕಳೆದುಕೊಂಡಿದೆ. ಇನ್ನೊಂದು, ತೆಳು ಗೋಡೆ ದಪ್ಪ ಭಾಗಕ್ಕೆ ಸೇರುವ ಕಡೆ ಎರಕ ಕೊನೆಗೆ ಗಟ್ಟಿಯಾಗಿ ಒಳಗೆ ಕುಗ್ಗುಗುಳಿ ಬೀಳುವುದು ನಿಮ್ಮ ಫೌಂಡ್ರಿಯವರಿಗೆ ನನಗಿಂತ ಚೆನ್ನಾಗಿ ಗೊತ್ತು. ಒಡೆದ ಪೀಸನ್ನು ಆ ಜಾಗದಲ್ಲಿ ಕತ್ತರಿಸಿ ಭೂತಗನ್ನಡಿ ಹಿಡಿದು ನೋಡಿ. ಗುಳಿ ಕಂಡರೆ ಅರ್ಧ ಕಥೆ ಅಲ್ಲೇ ಮುಗಿಯುತ್ತದೆ.

ಮೂರನೆಯದು ಆ 10% ಪಕ್ಕದ ಲೋಡ್. ಹಳೇ ಡಿಸೈನ್ ಮಾಡಿದವರು ಅದನ್ನು ಲೆಕ್ಕ ಹಾಕಿದ್ದರೋ ಇಲ್ಲವೋ, ಧಾರಾಳವಾಗಿ ಲೋಹ ಸುರಿದಿದ್ದರು. ಹೆಸರಿಡದ ಲೋಡ್‌ಗಳನ್ನೂ ಅದು ಸುಮ್ನೆ ಹೊತ್ತುಕೊಂಡಿತ್ತು. ಆಪ್ಟಿಮೈಸರ್‌ಗೆ ನೀವು ಹೇಳದ ಲೋಡ್ ಗೊತ್ತಿಲ್ಲ. ಪಕ್ಕದಿಂದ ತಳ್ಳಿದರೆ ತಡೆಯುವ ಲೋಹವೆಲ್ಲ ಅದರ ಕಣ್ಣಿಗೆ ದಂಡದ ಲೋಹ. ಅದನ್ನೇ ಮೊದಲು ತೆಗೆದು ಹಾಕುತ್ತದೆ. ಹಳೇ ಪೀಸ್‌ಗೆ ನಿಜವಾಗಿಯೂ ಸಣ್ಣದಾಗಿದ್ದ ಲೋಡ್ ಹೊಸದಕ್ಕೆ ದೊಡ್ಡದಾಯಿತು.

ಬೋಲ್ಟ್ ಕೂಡ ಹಾಗೇ. ಮಾಡೆಲ್‌ನಲ್ಲಿ ಬೋಲ್ಟ್ ತೂತಿನ ಒಳಮೈಯನ್ನು ಪೂರ್ತಿ ಫಿಕ್ಸ್ ಮಾಡಿದ್ದೀರಿ. ಹಳೇ ಫ್ಲೇಂಜ್ (ಬೋಲ್ಟ್ ಹಾಕುವ ಚಾಚುಪಟ್ಟಿ) ದಪ್ಪ ಇತ್ತು, ಹಾಗೆ ಮಾಡಿದ್ದರಿಂದ ಏನೂ ಹಾಳಾಗಲಿಲ್ಲ. ಹೊಸದರಲ್ಲಿ ಬೋಲ್ಟ್‌ಗಳ ನಡುವೆ ಫ್ಲೇಂಜ್ ಅರ್ಧಕ್ಕರ್ಧ ತೆಳುವಾಗಿದೆ. ಲೋಡ್ ಬಿದ್ದಾಗ ಅದು ಮೇಲೆದ್ದು, ಕಿಟಕಿಯ ಮೂಲೆಯನ್ನು ಎಳೆಯುತ್ತದೆ. ನಿಮ್ಮ ಮಾಡೆಲ್‌ನಲ್ಲಿ ಅದು ಮೇಲೇಳುವುದಕ್ಕೆ ಅವಕಾಶವೇ ಇಲ್ಲ.

ಇವೆಲ್ಲ ಒಂದೇ ಕಡೆಗೆ ವಾಲಿವೆ ಅನ್ನುವುದನ್ನು ಗಮನಿಸಿ. ಫೆಟೀಗ್‌ನಲ್ಲಿ, ಅಂದರೆ ಲೋಡ್ ಮತ್ತೆ ಮತ್ತೆ ಬಿದ್ದು ಲೋಹ ದಣಿಯುವಾಗ, ಆಯಸ್ಸು ಸ್ಟ್ರೆಸ್‌ನ ಆರನೇ ಘಾತದ ಪ್ರಕಾರ ಇಳಿಯುತ್ತದೆ ಅಂತ ಇಟ್ಟುಕೊಳ್ಳಿ. ಅದು ಅಂದಾಜಿನ ಅಂಕಿ, ನಿಮ್ಮ ಲೋಹದ್ದು ಬೇರೆ ಇರಬಹುದು. ಆಗ 5 ಲಕ್ಷ 1.4 ಲಕ್ಷ ಆಗುವುದಕ್ಕೆ ಸ್ಟ್ರೆಸ್ ಸುಮಾರು ಕಾಲು ಭಾಗ ಜಾಸ್ತಿ ಆದರೆ ಸಾಕು. ಅಷ್ಟಕ್ಕೆ ಒಬ್ಬ ದೊಡ್ಡ ಅಪರಾಧಿ ಬೇಕಿಲ್ಲ. ನಾಲ್ಕು ಚಿಲ್ಲರೆ ತಪ್ಪುಗಳು ಸೇರಿದರೆ ಆಯಿತು.

ಸರಿ, ಈಗ ನಿಮ್ಮ ಸೀನಿಯರ್ ಮಾತು. ಅದರಲ್ಲಿ ಅರ್ಧ ನಿಜ ಇದೆ. ನಿಮ್ಮ ಫೈಲನ್ನು ನಾನು 8, 4, 2 ಮಿ.ಮೀ. ಮೂರು ಮೆಶ್‌ಗಳಲ್ಲಿ ಓಡಿಸಿದೆ. ಬಿರುಕಿನ ಜಾಗದಲ್ಲಿ ಬಂದ ಸ್ಟ್ರೆಸ್ 182, 214, 226 ಮೆಗಾಪ್ಯಾಸ್ಕಲ್. ಮೊದಲ ಏರಿಕೆ 32, ಎರಡನೆಯದು 12. ಇದೇ ಪ್ರಮಾಣದಲ್ಲಿ ಮುಂದೆ 4.5, ಆಮೇಲೆ 1.7 ಹೀಗೆ ಸಣ್ಣದಾಗುತ್ತಾ ಹೋದರೆ ಎಲ್ಲ ಕೂಡಿ ಇನ್ನೊಂದು 7 ಸೇರುತ್ತದೆ. ಅಂದರೆ ಈ ಮಾಡೆಲ್‌ನ ನಿಜವಾದ ಉತ್ತರ 233ರ ಆಸುಪಾಸು. ಇದಕ್ಕೆ ರಿಚರ್ಡ್‌ಸನ್ ಲೆಕ್ಕ ಅನ್ನುತ್ತಾರೆ. ಕಾಗದದ ಮೇಲೆ ಐದು ನಿಮಿಷದ ಕೆಲಸ. ನೀವು 60 ರನ್ ಮಾಡಿದ 4 ಮಿ.ಮೀ. ಮೆಶ್ 8% ಕಡಿಮೆ ಹೇಳುತ್ತಿತ್ತು ಅಂತಾಯಿತು. 2 ಮಿ.ಮೀ. ಹಾಕಿದ್ದರೆ 3%. ಅದಕ್ಕಿಂತ ಸಣ್ಣ ಮೆಶ್ ಹಾಕಿ ರಾತ್ರಿಯೆಲ್ಲ ಕಂಪ್ಯೂಟರ್ ಓಡಿಸಿದರೆ ಸಿಗುವುದು ಆ ಉಳಿದ 3% ಅಷ್ಟೇ. ಪಕ್ಕದ ಲೋಡ್ ಮೆಶ್ ಸಣ್ಣ ಮಾಡಿದ್ದಕ್ಕೆ ಮಾಡೆಲ್ ಒಳಗೆ ಬಂದು ಕೂರುವುದಿಲ್ಲ. ಇನ್ನೊಂದು ಎಚ್ಚರಿಕೆ: ಫಿಲೆಟ್ ಇಲ್ಲದ ಚೂಪು ಒಳಮೂಲೆ ಇದ್ದರೆ ಮೆಶ್ ಸಣ್ಣ ಮಾಡಿದಷ್ಟೂ ಸ್ಟ್ರೆಸ್ ಏರುತ್ತಲೇ ಇರುತ್ತದೆ, ಎಲ್ಲೂ ನಿಲ್ಲುವುದಿಲ್ಲ. ಅಲ್ಲಿಯ ಅಂಕಿಗೆ ಅರ್ಥವೇ ಇಲ್ಲ. ನಿಮ್ಮಲ್ಲಿ 6 ಮಿ.ಮೀ. ಫಿಲೆಟ್ ಇದೆ, ಹಾಗಾಗಿ ಬಚಾವ್.

ಆದರೂ ಮೆಶ್‌ನ ವಿಷಯ ಕಡೆಗಣಿಸುವಂಥದ್ದಲ್ಲ. ನಾರ್ವೆಯ ಸ್ಲೈಪ್ನರ್ ಎ ಅನ್ನುವ ತೈಲ ವೇದಿಕೆಯ ಕಾಂಕ್ರೀಟ್ ಬುಡ 1991ರ ಆಗಸ್ಟ್ 23ರಂದು, ಸ್ಟಾವಂಗರ್ ಹತ್ತಿರ ನೀರಿಗಿಳಿಸಿ ಪರೀಕ್ಷೆ ಮಾಡುತ್ತಿದ್ದಾಗ ಬಿರಿದು ಮುಳುಗಿತು. ಒಟ್ಟು ನಷ್ಟ ಸುಮಾರು 70 ಕೋಟಿ ಡಾಲರ್. ಕೋಶಗಳ ಗೋಡೆ ಒಂದಕ್ಕೊಂದು ಸೇರುವ ಜಾಗದಲ್ಲಿ ಎಲಿಮೆಂಟ್‌ಗಳು ಒರಟಾಗಿದ್ದವು. ಅಲ್ಲಿನ ಶಿಯರ್ ಸ್ಟ್ರೆಸ್ (ಪದರಗಳನ್ನು ಜಾರಿಸುವ ಸ್ಟ್ರೆಸ್) ಅನ್ನು ಲೆಕ್ಕ 47% ಕಡಿಮೆ ಹೇಳಿತ್ತು. ಕಬ್ಬಿಣ ಕಟ್ಟಿದ ರೀತಿಯಲ್ಲೂ ಕೊರತೆ ಇತ್ತು. ನಿಮ್ಮ ಎಂಡಿ ಸಾಹೇಬರಿಗೆ ಈ ಕಥೆಯ ಇನ್ನರ್ಧ ಹೇಳಿ. ಮುಳುಗಿದ ಮೇಲೆ ಅದೇ ವಿಧಾನದಲ್ಲಿ, ಸರಿಯಾದ ಮೆಶ್ ಇಟ್ಟು ಮತ್ತೆ ಲೆಕ್ಕ ಮಾಡಿದರು. 62 ಮೀಟರ್ ಆಳದಲ್ಲಿ ಒಡೆಯಬೇಕು ಅಂತ ಬಂತು. ನಿಜವಾಗಿ ಒಡೆದದ್ದು 65 ಮೀಟರ್‌ನಲ್ಲಿ. ಬಣ್ಣದ ಚಿತ್ರ ಅಷ್ಟು ಹತ್ತಿರ ಹೇಳಬಲ್ಲದು, ಕೇಳುವ ಹಾಗೆ ಕೇಳಿದರೆ.

ಸಾಫ್ಟ್‌ವೇರ್ ಮಾರುವವರ "ವ್ಯಾಲಿಡೇಟ್ ಆಗಿದೆ" ಅನ್ನುವ ಮಾತಿಗೆ ಜಾಸ್ತಿ ಹೊತ್ತು ಬೇಡ. ಅವರ ಪ್ಯಾಕೇಜ್ ಸಮೀಕರಣಗಳನ್ನು ಸರಿಯಾಗಿ ಬಿಡಿಸುತ್ತದೆ ಅನ್ನುವುದು ಅದರ ಅರ್ಥ. ಬ್ರಿಟನ್ನಿನ ನಾಫೆಮ್ಸ್ ಸಂಸ್ಥೆಯ ಪರೀಕ್ಷಾ ಲೆಕ್ಕಗಳಿವೆ. ಅದರ ಮೊದಲನೆಯದರಲ್ಲಿ, ದೀರ್ಘವೃತ್ತದ ತೂತಿರುವ ಹಾಳೆಯ ಒಂದು ಬಿಂದುವಿನಲ್ಲಿ 92.7 ಮೆಗಾಪ್ಯಾಸ್ಕಲ್ ಬರಬೇಕು. ಒಳ್ಳೆಯ ಪ್ಯಾಕೇಜ್‌ಗಳೆಲ್ಲ ತರುತ್ತವೆ, ನೀವು ಈಗ ಬಳಸುತ್ತಿರುವುದೂ ತರುತ್ತದೆ. ಲೆಕ್ಕವನ್ನು ಸರಿಯಾಗಿ ಮಾಡಿದೆವಾ ಅನ್ನುವುದು ವೆರಿಫಿಕೇಶನ್. ಮಾಡಬೇಕಾದ ಲೆಕ್ಕವನ್ನೇ ಮಾಡಿದೆವಾ ಅನ್ನುವುದು ವ್ಯಾಲಿಡೇಶನ್. ಎರಡನೆಯದನ್ನು ಯಾರೂ ಡಬ್ಬಿಯಲ್ಲಿ ಹಾಕಿ ಮಾರುವುದಕ್ಕಾಗುವುದಿಲ್ಲ. ಅಮೆರಿಕದ ಮೆಕ್ಯಾನಿಕಲ್ ಎಂಜಿನಿಯರುಗಳ ಸಂಘ ಎಎಸ್‌ಎಂಇ 2006ರಲ್ಲಿ ತಂದ ವಿ ಆಂಡ್ ವಿ 10 ಮಾರ್ಗಸೂಚಿಯಲ್ಲೂ ವ್ಯಾಲಿಡೇಶನ್ ಅನ್ನುವುದಕ್ಕೆ ಒಂದು ಷರತ್ತು ಅಂಟಿಕೊಂಡೇ ಇದೆ: ಮಾಡೆಲನ್ನು ಯಾವ ಉಪಯೋಗಕ್ಕೆ ಇಟ್ಟಿದ್ದೇವೋ ಆ ಉಪಯೋಗದ ಮಟ್ಟಿಗೆ. ನಿಮ್ಮ ಮಾಡೆಲ್‌ನ ಉಪಯೋಗ ಕಿಟಕಿ ಇರುವ ಬ್ರಾಕೆಟ್‌ನ ಆಯಸ್ಸು ಹೇಳುವುದು. ಪರೀಕ್ಷೆ ಆದದ್ದು ಕಿಟಕಿ ಇಲ್ಲದ್ದರ ತೋಳಿನ ಸ್ಟ್ರೇನ್.

ಇನ್ನು ಆ 5%. ಇದರ ಮೇಲೆ ಸ್ವಲ್ಪ ಕೂರೋಣ, ಯಾಕೆಂದರೆ ಎಲ್ಲರೂ ಎಡವುವುದು ಇಲ್ಲೇ.

ನಿಮ್ಮ ನಾಲ್ಕೂ ಜೋಡಿಗಳನ್ನು ಮತ್ತೆ ನೋಡಿ. ನಾಲ್ಕರಲ್ಲೂ ಮಾಡೆಲ್ ಕಡಿಮೆ ಹೇಳಿದೆ. ಅದೂ ಹೆಚ್ಚುಕಡಿಮೆ ಒಂದೇ ಪ್ರಮಾಣದಲ್ಲಿ, 5ರಿಂದ 6%. ಅಕಸ್ಮಾತ್ತಾಗಿ ಆಗುವ ವ್ಯತ್ಯಾಸವಾಗಿದ್ದರೆ ಒಂದು ಮೇಲೆ, ಒಂದು ಕೆಳಗೆ ಇರುತ್ತಿತ್ತು. ಇದಕ್ಕೆ ಯಾವುದೋ ಒಂದು ಕಾರಣ ಇದೆ. ಫೈಲ್ ತೆಗೆದು ನೋಡಿದೆ. ಯಂಗ್ಸ್ ಮಾಡ್ಯುಲಸ್ (ಲೋಹ ಎಷ್ಟು ಬಿಗಿ ಅನ್ನುವ ಅಳತೆ) 178 ಗಿಗಾಪ್ಯಾಸ್ಕಲ್ ಹಾಕಿದ್ದೀರಿ. ಲೈಬ್ರರಿಯಿಂದ ತಂದದ್ದು, ಅಲ್ವಾ? ಎಸ್‌ಜಿ ಐರನ್‌ಗೆ ಸಾಮಾನ್ಯವಾಗಿ ಹಾಕುವುದು 169ರ ಸುತ್ತಮುತ್ತ. 178ಕ್ಕೂ 169ಕ್ಕೂ ವ್ಯತ್ಯಾಸ ಸುಮಾರು 5%. ಕಾರಣ ಇದೇ ಆಗಿದ್ದರೆ ಗಾಬರಿ ಬೇಡ. ಇಂಥ ತೋಳಿನಲ್ಲಿ ಸ್ಟ್ರೆಸ್ ಲೋಡ್ ಮತ್ತು ಆಕಾರದಿಂದ ಬರುತ್ತದೆ, ಮಾಡ್ಯುಲಸ್ ಬದಲಾದರೂ ಅದು ಹೆಚ್ಚೇನೂ ಬದಲಾಗುವುದಿಲ್ಲ. ಆದರೆ ರಿಗ್‌ನ ಲೋಡ್ ಸೆಲ್ (ಲೋಡ್ ಅಳೆಯುವ ಸಾಧನ) 5% ತಪ್ಪು ತೋರಿಸುತ್ತಿದ್ದರೆ? ಗೇಜ್‌ಗಳಲ್ಲಿ ಕಾಣುವ ವ್ಯತ್ಯಾಸ ಆಗಲೂ ಇಷ್ಟೇ. ಆಗ ಪೀಸ್ ಮೇಲೆ ಬೀಳುವ ಸ್ಟ್ರೆಸ್ಸೇ 5% ಜಾಸ್ತಿ, ಆಯಸ್ಸು ಅದಕ್ಕೆ ತಕ್ಕಂತೆ ಕಡಿಮೆ. ಒಂದೇ ಅಂಕಿಯ ಹಿಂದೆ ನಿರುಪದ್ರವಿಯೂ ಇರಬಹುದು, ಕಳ್ಳನೂ ಇರಬಹುದು. "5% ಒಳಗಿದೆ, ಪಾಸ್" ಅಂದುಬಿಟ್ಟರೆ ಯಾರು ಅಂತ ಗೊತ್ತಾಗುವುದೇ ಇಲ್ಲ.

ಟೆಸ್ಟ್ ಅಂದರೆ ದೇವರ ವಾಕ್ಯ ಅಂತಲೂ ತಿಳಿಯಬೇಡಿ. ಹಲವು ವರ್ಷದ ಹಿಂದೆ ಒಂದು ಕಡೆ ಮಾಡೆಲ್‌ಗಿಂತ ಪೀಸ್ ಜಾಸ್ತಿ ಬಾಗುತ್ತಿದೆ ಅಂತ ಮೂರು ವಾರ ಮಾಡೆಲ್ ತಿದ್ದಿದೆವು. ತಿದ್ದಿಸಿದವನು ನಾನೇ. ಕೊನೆಗೆ ರಿಗ್ ಹುಡುಗ ಒಬ್ಬ ತಳದ ಪ್ಲೇಟ್‌ಗೆ ಡಯಲ್ ಗೇಜ್ ಇಟ್ಟ. ಮುಳ್ಳು ಕುಣಿಯುತ್ತಿತ್ತು. ಬಾಗುತ್ತಿದ್ದದ್ದು ರಿಗ್ಗು. ನೀವೂ ಒಮ್ಮೆ ಬೋಲ್ಟ್ ಬಿಚ್ಚಿ, ಮತ್ತೆ ಬಿಗಿದು, ಮೂರು ಸಲ ರೀಡಿಂಗ್ ತೆಗೆಯಿರಿ. 412 ಅಂದದ್ದು 395ಕ್ಕೂ 430ಕ್ಕೂ ಓಡಾಡಿದರೆ ನಿಮ್ಮ ಟೆಸ್ಟ್‌ನ ಸ್ವಂತ ಹೆಚ್ಚುಕಡಿಮೆಯೇ ಸುಮಾರು 4%. ಅಂಥ ಟೆಸ್ಟ್‌ಗೆ 5% ಒಳಗೆ ತಾಳೆಯಾಯಿತು ಅಂದರೆ ಹೆಮ್ಮೆಪಡುವಂಥದ್ದೇನೂ ಇಲ್ಲ, ನಾಚಿಕೆಪಡುವಂಥದ್ದೂ ಇಲ್ಲ.

ಇದಕ್ಕೆ ಉಲ್ಟಾ ಕಥೆಯೂ ಇದೆ. ಅಮೆರಿಕದ ಹಾರ್ಟ್‌ಫರ್ಡ್‌ನಲ್ಲಿ ಒಂದು ದೊಡ್ಡ ಕ್ರೀಡಾಂಗಣದ ಚಾವಣಿಯನ್ನು ಕಂಪ್ಯೂಟರ್ ಲೆಕ್ಕದಿಂದ ಡಿಸೈನ್ ಮಾಡಿದ್ದರು. ಕಟ್ಟುವಾಗ ಅಳೆದರೆ ಚಾವಣಿ ಲೆಕ್ಕದ ಎರಡರಷ್ಟು ತಗ್ಗಿತ್ತು. ಲೆಕ್ಕಕ್ಕೂ ನಿಜಕ್ಕೂ ಇಷ್ಟು ಅಂತರ ಇದ್ದದ್ದೇ ಅಂತ ಮಾತು ಮುಗಿಸಿದರು. 1978ರ ಜನವರಿ 18ರ ನಸುಕಿನಲ್ಲಿ ಹಿಮದ ಭಾರಕ್ಕೆ ಅದು ಕುಸಿಯಿತು. ಕೆಲವೇ ಗಂಟೆ ಮುಂಚೆ ಸುಮಾರು 5,000 ಜನ ಒಳಗೆ ಕೂತು ಬ್ಯಾಸ್ಕೆಟ್‌ಬಾಲ್ ನೋಡಿದ್ದರು. ಯಾರೂ ಸಾಯಲಿಲ್ಲ ಅನ್ನುವುದು ಅದೃಷ್ಟ.

ಹಾಗಂತ ಮಾಡ್ಯುಲಸ್ 169 ಹಾಕಿ, ಬೋಲ್ಟ್ ಸ್ವಲ್ಪ ಸಡಿಲಿಸಿ, ನಾಲ್ಕೂ ಗೇಜ್‌ಗೆ 1% ಒಳಗೆ ಕೂರಿಸಿ "ಈಗ ವ್ಯಾಲಿಡೇಟ್ ಆಯಿತು" ಅನ್ನಬೇಡಿ. ಅದು ಕ್ಯಾಲಿಬ್ರೇಶನ್. ಪ್ರಶ್ನೆಪತ್ರಿಕೆ ನೋಡಿಕೊಂಡು ಓದಿದ ಹಾಗೆ. ಓದಿದ್ದು ತಪ್ಪೇನಲ್ಲ, ಆದರೆ ಪರೀಕ್ಷೆಗೆ ಬೇರೆ ಪತ್ರಿಕೆ ಬೇಕು.

ರೆಸ್ಪಾನ್ಸ್ ಸರ್ಫೇಸ್ ಬಗ್ಗೆ ನೀವು ಕೇಳಿಲ್ಲ. ಆದರೆ 0.98 ನೋಡಿದ ಕೂಡಲೇ ನನಗೆ ಅನುಮಾನ ಬಂತು. ಯಾವ 60 ಬಿಂದುಗಳಿಂದ ಸರ್ಫೇಸ್ ಕಟ್ಟಿದಿರೋ ಅದೇ 60ರ ಮೇಲೆ ತೆಗೆದ ಆರ್ ಸ್ಕ್ವೇರ್ ತಾನೇ ಅದು? 8 ಅಳತೆಗಳ ಪೂರ್ತಿ ಎರಡನೇ ದರ್ಜೆಯ ಸರ್ಫೇಸ್‌ಗೆ 45 ಗುಣಾಂಕಗಳು ಬೇಕು. 60 ಬಿಂದುಗಳಲ್ಲಿ 45 ಕೊಂಡಿ ಹಾಕಿ ಬಗ್ಗಿಸಿದರೆ ಅದು ಎಲ್ಲ ಕಡೆ ತಾಗದೆ ಏನು ಮಾಡೀತು? ಒಂದು ಹತ್ತು ಹನ್ನೆರಡು ಬೇರೆ ಬಿಂದುಗಳಲ್ಲಿ ರನ್ ಮಾಡಿ, ಸರ್ಫೇಸ್‌ಗೆ ಅವನ್ನು ತೋರಿಸದೆ, ಅದು ಏನು ಹೇಳುತ್ತದೆ ನೋಡಿ. ಎಲ್ಲಕ್ಕಿಂತ ಮುಖ್ಯ, ಕೊನೆಗೆ ಆರಿಸಿದ ಡಿಸೈನ್‌ಗೆ ಪೂರ್ತಿ ಎಫ್‌ಇಎ ಓಡಿಸಿ, ಸರ್ಫೇಸ್ ಹೇಳಿದ ಅಂಕಿಯ ಪಕ್ಕದಲ್ಲಿಡಿ. ದೂರ ಇದ್ದರೆ ಆ ಬಿಂದುವನ್ನೂ ಸೇರಿಸಿ ಮತ್ತೆ ಕಟ್ಟಿ, ಮತ್ತೆ ಹುಡುಕಿ. ಎರಡು ಮೂರು ಸುತ್ತಿನಲ್ಲಿ ನಿಲ್ಲುತ್ತದೆ.

ಇನ್ನೊಂದು ಕೆಲಸದ ಮಾತು. ನೀವು "ಇಡೀ ಪೀಸ್‌ನ ಅತಿ ಹೆಚ್ಚು ಸ್ಟ್ರೆಸ್" ಅನ್ನುವ ಒಂದೇ ಅಂಕಿಗೆ ಸರ್ಫೇಸ್ ಕಟ್ಟಿದ್ದೀರಿ. ಅಳತೆ ಬದಲಾದ ಹಾಗೆ ಆ ಅತಿ ಹೆಚ್ಚು ಒಮ್ಮೆ ತೋಳಿನಲ್ಲಿ, ಒಮ್ಮೆ ಕಿಟಕಿಯಲ್ಲಿ, ಒಮ್ಮೆ ಬೋಲ್ಟ್ ಹತ್ತಿರ ಇರುತ್ತದೆ. ಜಾಗ ಹಾರಿದ ಕಡೆಯಲ್ಲೆಲ್ಲ ಮಡಿಕೆ ಬೀಳುತ್ತದೆ. ನುಣುಪಾದ ಸರ್ಫೇಸ್ ಆ ಮಡಿಕೆಯನ್ನು ಇಸ್ತ್ರಿ ಹಾಕಿಬಿಡುತ್ತದೆ. ಬೆಸ್ಟ್ ಡಿಸೈನ್ ಕೂತಿರುವುದು ಸಾಮಾನ್ಯವಾಗಿ ಅಂಥ ಮಡಿಕೆಯ ಮೇಲೇ. ಪ್ರತಿ ಜಾಗಕ್ಕೂ ಬೇರೆ ಬೇರೆ ಸರ್ಫೇಸ್ ಇಡಿ.

ಈಗ ಏನು ಮಾಡಬಹುದು ಅಂದರೆ, ಕಾಸು ಬೀಳದ ಕೆಲಸ ಮೊದಲು. ಒಡೆದ ಪೀಸ್ ಕತ್ತರಿಸಿ ನೋಡುವುದು. ಲೋಡ್ ಸೆಲ್ ಕ್ಯಾಲಿಬ್ರೇಶನ್ ತಾರೀಕು ನೋಡುವುದು. ಮಾಡೆಲ್‌ನಲ್ಲಿ ಬೋಲ್ಟ್‌ಗಳ ಪ್ರತಿಬಲಗಳ ಮೊತ್ತ ಹಾಕಿದ ಲೋಡ್‌ಗೆ ಸಮ ಇದೆಯಾ ನೋಡುವುದು. ನಗಬೇಡಿ, ಇಲ್ಲಿ ಸಿಕ್ಕಿಬಿದ್ದ ತಪ್ಪುಗಳ ಪಟ್ಟಿ ನನ್ನ ಹತ್ತಿರ ಉದ್ದ ಇದೆ.

ಆಮೇಲೆ ನಿಮ್ಮ ಮುಂದೆ ಕೆಲವು ದಾರಿಗಳಿವೆ. ತುರ್ತಿನದು ತೇಪೆ ಹಾಕುವುದು: ಆ ಗೋಡೆಯನ್ನು 6.5 ಮಾಡಿ, ಫಿಲೆಟ್ 10 ಮಾಡಿ, ಮತ್ತೆ ಟೆಸ್ಟ್‌ಗೆ ಕೂರಿಸುವುದು. ಗ್ರಾಹಕರ ಗಡುವು ಕತ್ತಿನ ಮೇಲಿದ್ದರೆ ನಾನೂ ಇದನ್ನೇ ಮಾಡುತ್ತೇನೆ, ಸುಳ್ಳು ಹೇಳುವುದಿಲ್ಲ. ಅಪಾಯ ಏನೆಂದರೆ ಬಿರುಕು ಮುಂದಿನ ದುರ್ಬಲ ಜಾಗಕ್ಕೆ ಮನೆ ಬದಲಾಯಿಸಬಹುದು. ಮಾಡೆಲ್ ಬಗ್ಗೆ ನೀವು ಕಲಿತದ್ದು ಸೊನ್ನೆ. ಮುಂದಿನ ಬ್ರಾಕೆಟ್‌ಗೆ ಮತ್ತೆ ಇದೇ ಪಾಡು.

ಎರಡನೇ ದಾರಿ, ನಿಧಾನವಾಗಿ ಇಳಿಯುವುದು. 4.2ರಿಂದ ಒಂದೇ ನೆಗೆತಕ್ಕೆ 3.1ಕ್ಕೆ ಹಾರದೆ, ಮೊದಲು 3.7, ಟೆಸ್ಟ್, ಮಾಡೆಲ್ ತಿದ್ದು, ಮತ್ತೆ ಮುಂದೆ. ಮಾಡೆಲ್ ಪ್ರತಿ ಹೆಜ್ಜೆಯಲ್ಲೂ ಪರಿಚಯದ ಜಾಗದ ಹತ್ತಿರವೇ ಇರುತ್ತದೆ. ಆದರೆ ಪ್ರತಿ ಹೆಜ್ಜೆಗೂ ಪ್ಯಾಟರ್ನ್ (ಮರಳಿನಲ್ಲಿ ಅಚ್ಚು ಒತ್ತುವ ಮಾದರಿ) ಬೇಕು, ತಿಂಗಳುಗಳು ಬೇಕು. ಮರಳಿನ ಅಚ್ಚನ್ನು 3ಡಿ ಪ್ರಿಂಟ್ ಮಾಡಿಸಿದರೆ ಪ್ಯಾಟರ್ನ್ ಖರ್ಚು ತಪ್ಪುತ್ತದೆ. ಆದರೆ ಆ ಎರಕದ ಮೈ ನಿಮ್ಮ ಮಾಮೂಲಿ ಎರಕದ ಹಾಗೇ ಇರುತ್ತದೆ ಅಂತ ನಂಬಬೇಡಿ. ಫೆಟೀಗ್‌ಗೆ ಮೈ ಬಹಳ ಮುಖ್ಯ.

ನನ್ನ ಆಯ್ಕೆ ಮೂರನೆಯದು. ಮಾಡೆಲ್ ತಿದ್ದಿ, ಅದರ ಅನುಮಾನಗಳನ್ನೂ ಸೇರಿಸಿ ಮತ್ತೆ ಆಪ್ಟಿಮೈಸ್ ಮಾಡಿ. ಗೋಡೆಗಳೆಲ್ಲ ಅರ್ಧ ಮಿ.ಮೀ. ತೆಳುವಾಗಿಯೇ ಬರುತ್ತವೆ ಅಂತ ಲೆಕ್ಕ ಹಿಡಿಯಿರಿ. ಪಕ್ಕದ ಲೋಡ್ ಎಡಕ್ಕೂ ಬಲಕ್ಕೂ ಹಾಕಿ. ಬೋಲ್ಟ್ ಒಮ್ಮೆ ಪೂರ್ತಿ ಬಿಗಿ, ಒಮ್ಮೆ ಸಂಪರ್ಕದ ಮೇಲೆ ಮಾತ್ರ ನಿಂತದ್ದು ಅಂತ ಎರಡೂ ರೀತಿ ಓಡಿಸಿ, ಎರಡರಲ್ಲೂ ಪಾಸಾಗುವ ಡಿಸೈನ್ ಆರಿಸಿ. ರನ್‌ಗಳು ನಾಲ್ಕೈದು ಪಟ್ಟು ಆಗುತ್ತವೆ. ತೂಕ 3.1 ಬರುವುದಿಲ್ಲ, 3.4ರ ಮೇಲೇ ನಿಲ್ಲಬಹುದು. ಎಂಡಿ ಸಾಹೇಬರ ಮುಖ ಸ್ವಲ್ಪ ಸಣ್ಣದಾಗುತ್ತದೆ. ಹಾಗಾಗಿ ಅವರಿಗೆ 3.1ರ ಲೆಕ್ಕ ಹೇಳಲೇಬೇಡಿ. 4.2ರಿಂದ ಎಷ್ಟು ಇಳಿಯಿತು ಅಂತ ಹೇಳಿ.

ಆ ಹೊಸ ಡಿಸೈನ್‌ನ ಮೇಲೇ ಗೇಜ್ ಅಂಟಿಸಬೇಕು. ಕಿಟಕಿಯ ಕೆಳಮೂಲೆಗಳಲ್ಲಿ ಎರಡು, ಫ್ಲೇಂಜ್‌ನಲ್ಲಿ ಬೋಲ್ಟ್‌ಗಳ ನಡುವೆ ಒಂದು, ಹಳೇ ತೋಳಿನ ಜಾಗದಲ್ಲಿ ಒಂದು. ಫಿಲೆಟ್‌ನಲ್ಲಿ 1 ಮಿ.ಮೀ. ಗೇಜ್ ಬಳಸಿ. 3 ಮಿ.ಮೀ.ದು ಶಿಖರವನ್ನು ಸವರಿ ಸರಾಸರಿ ಹೇಳಿಬಿಡುತ್ತದೆ. ಮಾಡೆಲ್‌ನಿಂದಲೂ ಗೇಜ್ ಕೂತ ಅಷ್ಟೇ ಜಾಗದ, ಅದೇ ದಿಕ್ಕಿನ ಸರಾಸರಿ ತೆಗೆಯಿರಿ. ಒಂದು ನೋಡ್‌ನ ಅಂಕಿ ತೆಗೆದು ಹೋಲಿಸಬೇಡಿ. ಪಕ್ಕದ ಲೋಡ್ ಒಂದನ್ನೇ ಹಾಕಿಯೂ ಒಂದು ಸಲ ಅಳೆಯಿರಿ. ಎಂಡ್ಯೂರೆನ್ಸ್‌ಗೆ ಕನಿಷ್ಠ ಮೂರು ಪೀಸ್ ಇರಲಿ. ಒಂದೇ ಅಚ್ಚಿನ ಎರಕಗಳಲ್ಲೂ ಆಯಸ್ಸು ಒಂದಕ್ಕೆರಡು ಹೆಚ್ಚುಕಡಿಮೆ ಆಗುವುದು ಮಾಮೂಲು. ಒಂದು ಪೀಸ್ ಪಾಸಾದರೆ ಆ ಒಂದು ಪೀಸ್ ಪಾಸಾಯಿತು ಅಂತ ಮಾತ್ರ. ನಿಮ್ಮ 1.4 ಲಕ್ಷಕ್ಕೂ ಇದೇ ಮಾತು ಅನ್ವಯಿಸುತ್ತದೆ.

ಟೆಸ್ಟ್‌ನ ಹಿಂದಿನ ದಿನ ಪ್ರತಿ ಗೇಜ್ ಎಷ್ಟು ತೋರಿಸಬೇಕು, ಎಷ್ಟರಿಂದ ಎಷ್ಟರೊಳಗೆ ಬಂದರೆ ಒಪ್ಪುತ್ತೀರಿ ಅಂತ ಒಂದು ಹಾಳೆಯಲ್ಲಿ ಬರೆದು, ತಾರೀಕು ಹಾಕಿ, ಸೀನಿಯರ್ ಸಹಿ ಮಾಡಿಸಿ ಡ್ರಾಯರ್‌ನಲ್ಲಿಡಿ. ರೀಡಿಂಗ್ ಬಂದ ಮೇಲೆ ಮಾಡೆಲ್ ಮುಟ್ಟುವ ಮುಂಚೆ ಅದನ್ನು ತೆಗೆಯಿರಿ. ಆ ಹಾಳೆಯ ಫೋಟೋ, ರೀಡಿಂಗ್‌ಗಳು, ಕತ್ತರಿಸಿದ ಪೀಸ್‌ನ ಚಿತ್ರ ಮೂರನ್ನೂ ಕಳಿಸಿ. ಫ್ಲೇಂಜ್ ಗೇಜ್ ಏನು ಹೇಳುತ್ತದೆ ಅಂತ ನನಗೂ ಕುತೂಹಲ ಇದೆ. ನಿಮ್ಮ ಮಾಡೆಲ್ ಹೇಳುವುದಕ್ಕಿಂತ ಅದು ಸಾಕಷ್ಟು ಜಾಸ್ತಿ ತೋರಿಸುತ್ತದೆ ಅನ್ನುವುದು ನನ್ನ ಪಂದ್ಯ.